ಲೊಕ್ಕನಹಳ್ಳಿಯ ಮೇಲಿನ ಬೆಟ್ಟದಲ್ಲಿ ಸೇನೆ, ಹೊಲ, ಸಂಸತ್ತು

ಲೊಕ್ಕನಹಳ್ಳಿ ಎಂದ ಕೂಡಲೇ ನಮಗೆ ನೆನಪಾಗುವುದು ಏನು? ಹನೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಒಂದು ದಿಕ್ಕಿಗೆ ಮಾದಪ್ಪನ ಬೆಟ್ಟ, ಇನ್ನೊಂದು ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟ, ನಡುವೆ ಆನೆಗಳು ಓಡಾಡುವ ಕಾಡು. ವೀರಪ್ಪನ್ ಕಾಲದ ಭಯ. 1956ರವರೆಗೆ ಈ ಸೀಮೆಯೆಲ್ಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದು ಹಿರಿಯರ ನೆನಪು. ಅಷ್ಟೇ. ಇಲ್ಲಿಂದ ಮುಂದೆ ಇನ್ನೇನಿದ್ದೀತು, ಕಾಡೇ ತಾನೇ ಎಂದು ಹಿಂದಿರುಗಿ ಬಿಡುವವರೇ ಹೆಚ್ಚು.

ಹಿಂದಿರುಗಬೇಡಿ! ಬೆಟ್ಟದ ಕಡೆ ಏರುವ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿ. ಸೋಲಿಗರ ಪೋಡುಗಳು, ಕುರುಚಲು ಕಾಡು, ಹುಣಸೆ ಮರಗಳು ದಾಟುತ್ತಿದ್ದಂತೆ ಒಡೆಯರಪಾಳ್ಯ ಬರುತ್ತದೆ. ಅಲ್ಲಿಂದಾಚೆ ಕಣ್ಣನ್ನೇ ನಂಬಲಾಗದು. ಎದೆಮಟ್ಟ ಬೆಳೆದ ಮುಸುಕಿನ ಜೋಳದ ಹೊಲ, ಹೊಲದ ಅಂಚಿನಲ್ಲಿ ಎತ್ತರದ ಗಳುಗಳು, ಗಳುಗಳ ತುಂಬ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಾವುಟಗಳು. ಬಾವುಟಗಳ ಮೇಲೆ ಟಿಬೆಟನ್ ಅಕ್ಷರಗಳಲ್ಲಿ ಅಚ್ಚಾದ ಪ್ರಾರ್ಥನೆ. ದೂರದಲ್ಲಿ ಜೋಗ್‌ಚೆನ್ ಮಠದ ಹೊನ್ನಿನ ಬಣ್ಣದ ಶಿಖರ. ಆ ಮಠವನ್ನು 1992ರಲ್ಲಿ ದಲೈ ಲಾಮಾ ಅವರೇ ಬಂದು ಪ್ರತಿಷ್ಠಾಪಿಸಿದರು. ಹಿಮಾಲಯದಾಚೆಯ ಒಂದು ನಾಡು ನಮ್ಮ ಚಾಮರಾಜನಗರ ಜಿಲ್ಲೆಯ ಕೆಮ್ಮಣ್ಣಿನಲ್ಲಿ ಬೇರು ಬಿಟ್ಟು ನಿಂತಿದೆ!

ಸುತ್ತಲಿನ ಹಳ್ಳಿಯವರಿಗೆ ಇದು ‘ಟಿಬೆಟ್ ಕ್ಯಾಂಪು’. ಕಾಗದಪತ್ರದಲ್ಲಿ ಇದರ ಹೆಸರು ಧೋಂಡೆನ್‌ಲಿಂಗ್. ಇಲ್ಲಿನ 22 ಹಳ್ಳಿಗಳಿಗೆ ಊರದೇವತೆಯ ಹೆಸರಿಲ್ಲ, ಗೌಡರ ಹೆಸರಿಲ್ಲ. ಎ ವಿಲೇಜ್, ಬಿ ವಿಲೇಜ್ ಎಂದು ಶುರುವಾಗಿ ಇಂಗ್ಲಿಷ್ ವರ್ಣಮಾಲೆಯ ಸಾಲು ಹಿಡಿದು ಹೋಗುತ್ತವೆ. ಕಾಡಂಚಿನಲ್ಲಿ ಗೆರೆ ಎಳೆದು, ಮನೆ ಕಟ್ಟಿ, ಹೆಸರಿಡಲು ಪುರುಸೊತ್ತಿಲ್ಲದೆ ಉಳುಮೆಗೆ ಇಳಿದವರ ಊರುಗಳಿವು ಅನಿಸುತ್ತದೆ.

ನಾನು ಬಹಳ ದಿನಗಳಿಂದ ಒಂದು ಬಗೆಯ ಬದುಕನ್ನು ಹುಡುಕುತ್ತಿದ್ದೆ. ಯಾರ ಬಲವಂತವೂ ಇಲ್ಲದೆ ತಾನಾಗಿ ಸೇನೆಗೆ ಸೇರಿ, ಅಧಿಕಾರಿಯಾಗಿ ಕಾದಾಡಿ, ಆಮೇಲೆ ನೇಗಿಲು ಹಿಡಿದು, ಕೊನೆಗೆ ಜನರ ಮತ ಪಡೆದು ಶಾಸನಸಭೆಯಲ್ಲಿ ಕೂತವರ ಬದುಕು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ ಮುಗಿದ ಮೇಲೆ ಇಂಥವರು ಸಿಗುತ್ತಲೇ ಇದ್ದರು. ಸ್ವಯಂಸೇವಕ ಪಡೆಗಳ ಕ್ಯಾಪ್ಟನ್ನರು, ಕರ್ನಲ್ಲರು ಊರಿಗೆ ಹಿಂತಿರುಗಿ ಗೋಧಿ ಬಿತ್ತಿದರು, ನಂತರ ತಮ್ಮ ರಾಜ್ಯದ ಶಾಸಕರಾದರು. ನಮ್ಮಲ್ಲಿ? ಕೊಡಗಿನ ಮನೆಮನೆಯಲ್ಲಿ ಸೇನೆಯಿಂದ ಬಂದು ಕಾಫಿ ತೋಟ ನೋಡಿಕೊಂಡವರಿದ್ದಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1971ರಲ್ಲಿ ಲೋಕಸಭೆಗೆ ನಿಂತು ಸೋತರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬಾಂಗ್ಲಾ ಯುದ್ಧ ಕಂಡು ಬಂದು, ಜಾವಗಲ್ಲಿನ ಬಳಿ ಡೇರೆ ಹೊಡೆದು ಬರಡು ನೆಲ ಹದ ಮಾಡಿ, ತೆಂಗು ನೆಟ್ಟು, ರೇಷ್ಮೆ ಬೆಳೆದರು. ಆ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೇ ಬಂತು. ವಿಮಾನ ಕಂಪನಿ ಕಟ್ಟುವ ಮೊದಲೇ ವಿಧಾನಸಭೆಗೂ ನಿಂತಿದ್ದರು, ಗೆಲ್ಲಲಿಲ್ಲ. ಮೂರನೆಯ ಮೆಟ್ಟಿಲು ಪ್ರತಿ ಸಲವೂ ಕೈತಪ್ಪುತ್ತಿತ್ತು.

ಆ ಮೂರೂ ಮೆಟ್ಟಿಲುಗಳು ಒಂದೇ ಸಮುದಾಯದಲ್ಲಿ, ಅದೂ ಲೊಕ್ಕನಹಳ್ಳಿಯಿಂದ ಕೂಗಳತೆಯ ಬೆಟ್ಟದ ಮೇಲೆ ಸಿಗುತ್ತವೆ ಎಂದು ಯಾರಾದರೂ ಊಹಿಸುತ್ತಾರೆಯೇ? ದೇಶವಿಲ್ಲದವರು ಕಟ್ಟಿದ ಸೇನೆ. ತಮ್ಮದಲ್ಲದ ನೆಲದಲ್ಲಿ ಬೆಳೆದ ಬೆಳೆ. ನಾಡೇ ಕೈಯಲ್ಲಿಲ್ಲದ ನಾಡಿಗೊಂದು ಸಂಸತ್ತು. ಇದರ ಒಂದೊಂದು ಎಳೆ ಹಿಡಿದು ಹೋದಂತೆಲ್ಲ ನನ್ನ ಬೆರಗು ಹೆಚ್ಚುತ್ತಲೇ ಹೋಯಿತು.

ಮೊದಲ ಎಳೆ ಹೊರಡುವುದು ಪೂರ್ವ ಟಿಬೆಟಿನ ಖಾಮ್ ಪ್ರಾಂತ್ಯದ ಲಿಥಾಂಗ್ ಎಂಬ ಊರಿನಿಂದ. 1956ರಲ್ಲಿ ಚೀನಾದ ವಿಮಾನಗಳು ಅಲ್ಲಿನ ದೊಡ್ಡ ಬೌದ್ಧ ಮಠದ ಮೇಲೆ ಬಾಂಬು ಸುರಿದವು. ಶತಮಾನಗಳ ಮಠ. ಒಳಗೆ ಸನ್ಯಾಸಿಗಳು, ಆಸರೆ ಪಡೆದ ಹಳ್ಳಿಗರು. ಆ ಊರಿನ ಮಗ ಆಂದ್ರುಕ್ ಗೊಂಪೊ ತಾಶಿ. 1905ರಲ್ಲಿ ಹುಟ್ಟಿದವನು, ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ವ್ಯಾಪಾರ ಮಾಡಿ ಸಿರಿವಂತನಾದವನು. ಐವತ್ತು ದಾಟಿದ ವ್ಯಾಪಾರಿ ಕೋವಿ ಹಿಡಿಯಬೇಕಾದ ಅಗತ್ಯವೇನಿತ್ತು? ಯಾರೂ ಕರೆಯಲಿಲ್ಲ, ಯಾವ ಸರ್ಕಾರವೂ ನೇಮಿಸಲಿಲ್ಲ. ತನ್ನ ಆಸ್ತಿಯನ್ನೇ ಮಾರಿ ಕುದುರೆ, ಬಂದೂಕು, ಮದ್ದುಗುಂಡು ಕೊಂಡ.

ಅವನು ಜನ ಕೂಡಿಸಿದ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ದಲೈ ಲಾಮಾ ಅವರಿಗೆ ಚಿನ್ನದ ಸಿಂಹಾಸನವೊಂದನ್ನು ಅರ್ಪಿಸೋಣ ಎಂದು ಟಿಬೆಟಿನ ಉದ್ದಗಲಕ್ಕೂ ಸಾರಿಸಿದ. ಚಿನ್ನ ಬಂತು, ಹವಳ ಬಂತು, ಮುತ್ತು ಬಂತು. ಬಡವರೂ ಕೈಲಾದಷ್ಟು ಕೊಟ್ಟರು. ಸಿಂಹಾಸನ ನಿಜಕ್ಕೂ ಸಿದ್ಧವಾಗಿ 1957ರ ಜುಲೈನಲ್ಲಿ ಅರ್ಪಣೆಯೂ ಆಯಿತು. ಆದರೆ ಆ ಕಾಣಿಕೆ ಎತ್ತಲು ಊರೂರು ತಿರುಗಿದವರು ಇನ್ನೊಂದು ಕೆಲಸವನ್ನೂ ಮುಗಿಸಿಬಂದಿದ್ದರು. ಎಲ್ಲೆಲ್ಲಿ ಯಾರು ಹೋರಾಡಲು ಸಿದ್ಧ, ಯಾರ ಬಳಿ ಆಯುಧವಿದೆ, ಯಾರನ್ನು ನಂಬಬಹುದು ಎಂಬುದೆಲ್ಲ ತಿಳಿದಾಗಿತ್ತು. ಭಕ್ತಿಯ ದಾರಿಯಲ್ಲೇ ಸೇನೆಯ ದಾರಿಯೂ ಸಾಗಿತ್ತು.

1958ರ ಜೂನ್ 16ರಂದು ದಕ್ಷಿಣ ಟಿಬೆಟಿನ ದ್ರಿಗುಥಾಂಗ್ ಬಯಲಿನಲ್ಲಿ ಹಳದಿ ಬಾವುಟ ಏರಿತು. ಬಾವುಟದ ಮೇಲೆ ಒಂದನ್ನೊಂದು ಅಡ್ಡಹಾಯ್ದ ಎರಡು ಕತ್ತಿಗಳು. ಒಂದು ಕತ್ತಿಯ ತುದಿಗೆ ಉರಿಯುವ ಜ್ವಾಲೆ, ಅದು ಬೋಧಿಸತ್ವ ಮಂಜುಶ್ರೀಯ ಜ್ಞಾನದ ಕತ್ತಿ. ಇನ್ನೊಂದು ಯೋಧನ ಕತ್ತಿ. ಚುಶಿ ಗಂಗ್‌ದ್ರುಕ್ ಎಂದು ಲೋಕ ಕರೆದ ಈ ಪಡೆ ತನ್ನ ಪೂರ್ಣ ಹೆಸರಿನಲ್ಲೇ ತಾನು ಧರ್ಮ ಕಾಯುವ ಸ್ವಯಂಸೇವಕ ಸೇನೆ ಎಂದು ಸಾರಿಕೊಂಡಿತ್ತು. ಸಂಬಳವಿಲ್ಲ, ಪಿಂಚಣಿಯಿಲ್ಲ. ಸನ್ಯಾಸಿಗಳು ಗುರುವಿನ ಮುಂದೆ ಕೂತು ತಮ್ಮ ದೀಕ್ಷೆಯ ವ್ರತಗಳನ್ನು ಹಿಂದಕ್ಕೊಪ್ಪಿಸಿ ಬಂದು ಸಾಲಿನಲ್ಲಿ ನಿಂತರು. ಈ ಸಂಗತಿಯೊಂದನ್ನು ದಾಟಿ ಮುಂದೆ ಹೋಗಲು ನನಗೆ ಬಹಳ ಹೊತ್ತು ಸಾಧ್ಯವೇ ಆಗಲಿಲ್ಲ. ಎಳವೆಯಿಂದ ಒಂದು ಹುಳವನ್ನೂ ತುಳಿಯದೆ ನಡೆದವನು, ಕಾವಿ ಕಳಚಿ, ವ್ರತವನ್ನು ಮುರಿಯದೆ ಮರ್ಯಾದೆಯಿಂದ ಹಿಂದಿರುಗಿಸಿ, ಕೋವಿ ಎತ್ತಿಕೊಂಡ ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನಾಗಿದ್ದೀತು!

ಅಹಿಂಸೆಯನ್ನು ಹಿಡಿದ ದಲೈ ಲಾಮಾ ಈ ಹೋರಾಟದ ದಾರಿಯನ್ನು ಒಪ್ಪಿದವರಲ್ಲ. ಆದರೆ 1959ರ ಮಾರ್ಚ್ 17ರ ರಾತ್ರಿ, 23 ವರ್ಷದ ಅವರು ಸಾಮಾನ್ಯ ಸೈನಿಕನ ಉಡುಪು ತೊಟ್ಟು, ಹೆಗಲಿಗೆ ಬಂದೂಕು ಏರಿಸಿ ಲ್ಹಾಸಾದ ಅರಮನೆಯಿಂದ ಹೊರಬಿದ್ದಾಗ ದಾರಿಯುದ್ದಕ್ಕೂ ಕಾವಲು ನಿಂತವರು ಇದೇ ಸ್ವಯಂಸೇವಕರು. ನದಿ ದಾಟಿಸಿದರು, ಕಣಿವೆಗಳ ಬಾಯಿ ಕಾದರು. ಹಿಂದೆ ಚೀನಾ ಪಡೆ ಬೆನ್ನುಹತ್ತದಂತೆ ನೋಡಿಕೊಂಡರು. ಆ ಬೆಂಗಾವಲಿನಲ್ಲಿ ಲಿಥಾಂಗಿನವರೇ ಆದ ರಾತುಕ್ ನಾವಾಂಗ್ ಎಂಬ ತರುಣ ದಳಪತಿ ಇದ್ದರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಮಾರ್ಚ್ 31ರಂದು ದಲೈ ಲಾಮಾ ಭಾರತದ ಗಡಿ ದಾಟಿದರು. ಕೆಲವೇ ವಾರಗಳಲ್ಲಿ ಗೊಂಪೊ ತಾಶಿಯೂ ಅಳಿದುಳಿದ ತನ್ನ ಜನರೊಂದಿಗೆ ಗಡಿಗೆ ಬಂದು ಭಾರತೀಯ ಅಧಿಕಾರಿಗಳ ಮುಂದೆ ಆಯುಧಗಳನ್ನಿಟ್ಟ. ಮೈತುಂಬ ಗಾಯ. 1964ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ.

ಸೇನೆಯ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ! ಭಾರತಕ್ಕೆ ಬಂದವರು ಚಂಬಾ, ಕುಲ್ಲು, ಸಿಕ್ಕಿಂ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ನಿಂತರು. ನಿನ್ನೆಯ ದಳಪತಿ ಇವತ್ತು ಜಲ್ಲಿ ಒಡೆಯುತ್ತಿದ್ದ. ಅಷ್ಟರಲ್ಲಿ 1962ರ ಚೀನಾ ಯುದ್ಧ ಬಂತು. ಆ ವರ್ಷದ ನವೆಂಬರಿನಲ್ಲಿ ಭಾರತ ಸರ್ಕಾರ ಗುಟ್ಟಾಗಿ ಒಂದು ಪಡೆ ಕಟ್ಟಿತು. ಹೊರಗಿನ ಹೆಸರು ವಿಶೇಷ ಗಡಿ ಪಡೆ. ಒಳಗಿನವರಿಗೆ ಅದು ಎಸ್ಟಾಬ್ಲಿಷ್‌ಮೆಂಟ್ 22, ಬಾಯಿಮಾತಿನಲ್ಲಿ ‘ಟೂ ಟೂ’. ಡೆಹ್ರಾಡೂನ್ ಮೇಲಿನ ಚಕ್ರಾತಾದಲ್ಲಿ ಅದರ ನೆಲೆ. ಮೊದಲ ಇನ್‌ಸ್ಪೆಕ್ಟರ್ ಜನರಲ್ ಸುಜನ್ ಸಿಂಗ್ ಉಬಾನ್, ಅವರು ಹಿಂದೆ ನಡೆಸಿದ್ದ 22ನೇ ಮೌಂಟನ್ ರೆಜಿಮೆಂಟಿನಿಂದಲೇ ಆ ಸಂಖ್ಯೆ ಬಂತು. ಭಾರತೀಯ ಅಧಿಕಾರಿಗಳ ಜೊತೆಜೊತೆಗೆ ಟಿಬೆಟನ್ ದಳಪತಿಗಳೂ ಇದ್ದರು. ನೂರು ಜನರ ಮುಖಂಡನಿಗೆ ಗ್ಯಾಪೋನ್, ಅವನಿಗಿಂತ ಬಹಳ ಮೇಲಿನವನಿಗೆ ದಾಪೋನ್ ಎಂಬ ಹಳೆಯ ಟಿಬೆಟನ್ ಸೇನೆಯ ಪದವಿಗಳೇ ಇಲ್ಲೂ ನಡೆದವು. ಹಿಮಾಲಯ ದಾಟಿ ತಮ್ಮ ನಾಡಿಗೆ ಹಿಂತಿರುಗುವ ದಿನಕ್ಕಾಗಿ ಇವರು ಬೆಟ್ಟ ಹತ್ತುವುದು, ಪ್ಯಾರಾಶೂಟಿನಲ್ಲಿ ಹಾರುವುದು ಕಲಿತರು.

ಆ ದಿನ ಬರಲಿಲ್ಲ, ಬಂದದ್ದು 1971. ತಮಗೆ ಸಂಬಂಧವೇ ಇಲ್ಲದ ಯುದ್ಧ, ತಮ್ಮ ವೈರಿಯಲ್ಲದ ಪಾಕಿಸ್ತಾನದ ವಿರುದ್ಧ. ಆದರೂ ಒಪ್ಪಿ ಹೊರಟರು. ಸುಮಾರು 3,000 ಜನ, ಚಿತ್ತಗಾಂಗ್ ಬೆಟ್ಟಗಾಡಿನ ದಟ್ಟ ಕಾಡಿಗೆ, ಮೂರು ದಿಕ್ಕಿನ ಮೂರು ತುಕಡಿಗಳಾಗಿ ನುಗ್ಗಿದರು. ಒಂದೊಂದಕ್ಕೆ ಒಬ್ಬೊಬ್ಬ ದಾಪೋನ್. ಅವರಲ್ಲೊಬ್ಬರು ಅದೇ ರಾತುಕ್ ನಾವಾಂಗ್! ದಲೈ ಲಾಮಾ ಅವರನ್ನು ಗಡಿ ದಾಟಿಸಿದ ಆ ಕೈ ಈಗ ಬಾಂಗ್ಲಾದೇಶ ಹುಟ್ಟಲು ಕಾದಾಡುತ್ತಿತ್ತು. ಇದು ಭಾರತದ ಪಡೆ ಎಂದು ಗೊತ್ತಾಗಬಾರದೆಂದು ಇವರ ಕೈಗೆ ಬಲ್ಗೇರಿಯಾದಲ್ಲಿ ತಯಾರಾದ ಎ.ಕೆ. 47 ಬಂದೂಕುಗಳನ್ನು ಕೊಟ್ಟಿದ್ದರು. ಅಧಿಕೃತ ಯುದ್ಧ ಘೋಷಣೆಗೆ ವಾರಗಳ ಮೊದಲೇ, ರಾತ್ರಿ ದೋಣಿಗಳಲ್ಲಿ ಗಡಿ ದಾಟಿ ಹೊರಠಾಣೆಗಳನ್ನು ಒಂದೊಂದಾಗಿ ಹಿಡಿದರು. ಮೂವರು ದಾಪೋನ್‌ಗಳಲ್ಲಿ ಧೋಂದುಪ್ ಗ್ಯಾತೋತ್ಸಾಂಗ್ ಮೊದಲ ದಿನಗಳ ಕಾಳಗದಲ್ಲೇ ಬಿದ್ದರು. ಒಟ್ಟು 56 ಜನ ಪ್ರಾಣ ಕೊಟ್ಟರು, ಸುಮಾರು 190 ಜನ ಗಾಯಗೊಂಡರು.

ಪದಕ? ಕೊಡಲಾಗಲಿಲ್ಲ. ಇಲ್ಲದ ಪಡೆಗೆ ಪದಕ ಕೊಡುವುದು ಹೇಗೆ! 580 ಜನರಿಗೆ ನಗದು ಬಹುಮಾನ ಕೊಟ್ಟು ಮುಗಿಸಿದರು. ಸುದ್ದಿಯಿಲ್ಲ, ಮೆರವಣಿಗೆಯಿಲ್ಲ. ಮನೆಗೆ ಬಂದು ಹೆಂಡತಿ ಮಕ್ಕಳ ಹತ್ತಿರವೂ ಎಲ್ಲಿಗೆ ಹೋಗಿದ್ದೆ ಎಂದು ಹೇಳುವಂತಿರಲಿಲ್ಲ. ಅರ್ಧ ಶತಮಾನ ಕಳೆದು 2020ರಲ್ಲಿ, ಲಡಾಖಿನ ಪ್ಯಾಂಗಾಂಗ್ ಸರೋವರದ ದಕ್ಷಿಣ ದಂಡೆಯಲ್ಲಿ ಇದೇ ಪಡೆಯ ನ್ಯೀಮಾ ತೆನ್‌ಜಿನ್ ನೆಲಬಾಂಬಿಗೆ ಬಲಿಯಾದಾಗ, ಲೇಹದಲ್ಲಿ ಅವರ ಶವಪೆಟ್ಟಿಗೆಯ ಮೇಲೆ ಭಾರತದ ಬಾವುಟವನ್ನೂ ಟಿಬೆಟಿನ ಬಾವುಟವನ್ನೂ ಜೊತೆಯಾಗಿ ಹೊದಿಸಿದರು. ಆಗಷ್ಟೇ ದೇಶದ ಬಹಳ ಜನಕ್ಕೆ ಹೀಗೊಂದು ಪಡೆ ಇದೆ ಎಂದು ತಿಳಿಯಿತು.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕ ಈ ಕತೆಯಲ್ಲಿ ವಹಿಸಿದ ಪಾತ್ರ ನೆನೆದರೆ ಹೆಮ್ಮೆಯಾಗುತ್ತದೆ. ನಿರಾಶ್ರಿತರಿಗೆ ನೆಲ ಕೊಡುವಿರಾ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಅಂದಿನ ಮೈಸೂರು ರಾಜ್ಯ. 1960ರ ಕೊನೆಗೆ ಪಿರಿಯಾಪಟ್ಟಣ ಬಳಿಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲದಲ್ಲಿ ಮೊದಲ ವಸತಿ ಶುರುವಾಯಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಆಮೇಲೆ ಮುಂಡಗೋಡ, ಬೈಲುಕುಪ್ಪೆಯ ಎರಡನೆಯ ವಸತಿ, ಹುಣಸೂರು. 1974ರಲ್ಲಿ ನಮ್ಮ ಒಡೆಯರಪಾಳ್ಯ. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೌದು, ಸ್ವಸಹಾಯ ಸಂಘಗಳ ಕಲ್ಪನೆಯನ್ನು 1980ರ ದಶಕದಲ್ಲಿ ಹಳ್ಳಿಗಳಲ್ಲಿ ಬೆಳೆಸಿದ ಅದೇ ಮೈರಾಡ! ಇಂದು ನಮ್ಮೂರ ಹೆಂಗಸರು ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕ ಬರೆಯುವುದಕ್ಕೂ, ಹಿಮಾಲಯ ದಾಟಿ ಬಂದವರಿಗೆ ಮನೆ ಕಟ್ಟಿಕೊಟ್ಟದ್ದಕ್ಕೂ ಒಂದೇ ಬೇರು ಎಂದು ಗೊತ್ತಾದಾಗ ನಾನು ಓದುತ್ತಿದ್ದ ಪುಟವನ್ನು ಮತ್ತೆ ಮೊದಲಿನಿಂದ ಓದಿದೆ.

ಬೇಸಾಯ ಸುಲಭವಿರಲಿಲ್ಲ. ಟಿಬೆಟಿನ ಎತ್ತರದ ಚಳಿಯಲ್ಲಿ ಬಾರ್ಲಿ ಬೆಳೆದು, ಹುರಿದು ಹಿಟ್ಟು ಮಾಡಿ ತಿಂದವರು, ಯಾಕ್ ಮೇಯಿಸಿದವರು, ಬಿಸಿಲಿಗೆ ಬಂದು ಬಿದ್ದರು. ತಲೆಗೊಂದು ಎಕರೆ ಎಂಬ ಲೆಕ್ಕದಲ್ಲಿ ಕಾಡು ಕಡಿದು ಹೊಲ ಮಾಡಿದ ಬೈಲುಕುಪ್ಪೆಯ ಮೊದಲ ವರ್ಷಗಳಲ್ಲಿ ಕಾಯಿಲೆ, ಆನೆ, ಸೆಕೆ ಮೂರೂ ಜನರನ್ನು ಬಲಿ ತೆಗೆದುಕೊಂಡವು. ಒಡೆಯರಪಾಳ್ಯದ ಎತ್ತರದ ಹವೆ ಸ್ವಲ್ಪ ಕರುಣೆ ತೋರಿತು. ಆದರೆ ಇಲ್ಲಿ ಕಾಲುವೆಯಿಲ್ಲ, ಮಳೆಯೇ ದಿಕ್ಕು. ಮುಂಗಾರಿನಲ್ಲಿ ಮುಸುಕಿನ ಜೋಳ ಬಿತ್ತುತ್ತಾರೆ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರು ಎಲ್ಲವೂ ಸಹಕಾರ ಸಂಘದಿಂದ. ಬೆಳೆದದ್ದು ಬಹುಪಾಲು ಮಾರಾಟಕ್ಕೆ.

ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಈ ಹೊಲಗಳನ್ನು ನೋಡಬೇಕು. ತೆನೆಯ ತುದಿಯ ಕೂದಲು ಕಂದಾಗಿ ಒಣಗಿರುತ್ತದೆ, ಸಿಪ್ಪೆ ಸುಲಿದು ಉಗುರು ಒತ್ತಿದರೆ ಕಾಳಿನಿಂದ ಬಿಳಿ ಹಾಲು ಚಿಮ್ಮುತ್ತದೆ. ಮನುಷ್ಯನಿಗಿಂತ ಮೊದಲು ಆ ವಾಸನೆ ಕಾಡುಹಂದಿಗೆ ಗೊತ್ತು, ಆನೆಗೆ ಇನ್ನೂ ಚೆನ್ನಾಗಿ ಗೊತ್ತು. ಬಿಳಿಗಿರಿರಂಗನ ಕಾಡಿನಿಂದ ಮಾದಪ್ಪನ ಕಾಡಿಗೆ ಆನೆಗಳು ದಾಟುವ ಹಾದಿಗಳು ಇದೇ ಸೀಮೆಯಲ್ಲಿವೆ, ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಪಥವಂತೂ ಹೆಸರಾದದ್ದು. ಹಾಗಾಗಿ ಹೊಲದ ಬದುವಿನಲ್ಲಿ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ಟಾರ್ಚು ಹಿಡಿದು ರಾತ್ರಿಯಿಡೀ ಕಾವಲು. ಪಕ್ಕದ ಸೋಲಿಗ, ಪಕ್ಕದ ಲೊಕ್ಕನಹಳ್ಳಿ ರೈತ ಮಾಡುವುದೂ ಅದನ್ನೇ, ಕೂಗು ಹಾಕುವುದೂ ಅದೇ ಕನ್ನಡದಲ್ಲಿ. ಆನೆಗೆ ನಿರಾಶ್ರಿತ ಯಾರು, ಮೂಲನಿವಾಸಿ ಯಾರು ಎಂಬ ಭೇದವಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೊಬ್ಬರಿಬ್ಬರು ಊರು ಬಿಟ್ಟು ದೊಡ್ಡ ನಗರಗಳ ಬೀದಿಬದಿಯಲ್ಲಿ ಸ್ವೆಟರ್ ಮಾರಲು ಹೋಗುತ್ತಾರೆ. ಚಳಿಗಾಲದಲ್ಲಿ ನಾವು ಚೌಕಾಸಿ ಮಾಡಿ ಕೊಂಡ ಉಣ್ಣೆಯ ಅಂಗಿಯ ಹಿಂದೆ ಹನೂರಿನ ಜೋಳದ ಹೊಲವೊಂದು ಇರಬಹುದು ಎಂದು ನಮಗೆಂದಾದರೂ ಹೊಳೆದಿತ್ತೇ?

ಇಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಟಿಬೆಟನ್ ವಸತಿಗಳಲ್ಲಿ ಊರಿನ ಮುಖಂಡರನ್ನು ಕರೆಯುವ ಹಳೆಯ ರೂಢಿಯ ಹೆಸರುಗಳು ಚುಪೋನ್, ಗ್ಯಾಪೋನ್. ಹತ್ತರ ಮುಖಂಡ, ನೂರರ ಮುಖಂಡ. ಚಿತ್ತಗಾಂಗಿನ ಕಾಡಿನಲ್ಲಿ ನೂರು ಬಂದೂಕುಗಳ ಮುಂದೆ ನಡೆದವನ ಪದವಿಯೇ ಇಲ್ಲಿ ಗೊಬ್ಬರದ ಚೀಟಿ ಹಂಚುವವನಿಗೂ! ಸೇನೆ ಕರಗಿ ಊರಾಯಿತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ದಕ್ಷಿಣದ ಈ ವಸತಿಗಳಿಂದ ಹುಡುಗರು ಶಾಲೆ ಮುಗಿಸಿ ‘ಟೂ ಟೂ’ಗೆ ಹೋಗುವುದು, ವರ್ಷಗಟ್ಟಲೆ ಹಿಮದಲ್ಲಿ ದುಡಿದು ಬಂದು ಅಪ್ಪನ ಹೊಲ ಹಿಡಿಯುವುದು ತಲೆಮಾರುಗಳಿಂದ ನಡೆದುಬಂದಿದೆ.

ಇನ್ನು ಮೂರನೆಯ ಮೆಟ್ಟಿಲು. ನಾನು ಹುಡುಕುತ್ತಿದ್ದದ್ದು ಇದನ್ನೇ.

ಗಡಿ ದಾಟಿ ಒಂದೂವರೆ ವರ್ಷವೂ ಆಗಿರಲಿಲ್ಲ. ತಲೆಯ ಮೇಲೆ ಸೂರಿಲ್ಲ, ಕೈಯಲ್ಲಿ ಕಾಸಿಲ್ಲ, ಬಹಳ ಜನ ರಸ್ತೆ ಬದಿಯ ಡೇರೆಗಳಲ್ಲಿ. ಆಗ, 1960ರ ಸೆಪ್ಟೆಂಬರ್ 2ರಂದು, ಚುನಾಯಿತರಾದ 13 ಜನ ಪ್ರತಿನಿಧಿಗಳು ಪ್ರಮಾಣವಚನ ಸ್ವೀಕರಿಸಿದರು! ರಾಜನೂ ಗುರುವೂ ಒಬ್ಬರೇ ಆಗಿದ್ದ ನಾಡಿನ ಜನ, ಶತಮಾನಗಳಿಂದ ಮತ ಹಾಕುವುದೆಂದರೇನು ಎಂದೇ ತಿಳಿಯದವರು, ಎಲ್ಲವನ್ನೂ ಕಳೆದುಕೊಂಡ ಹೊತ್ತಿನಲ್ಲಿ ಕಟ್ಟಿದ್ದು ಶಾಸನಸಭೆಯನ್ನು. 1963ರಲ್ಲಿ ಸಂವಿಧಾನ ಬಂತು. ಅದರಲ್ಲಿ ಶಾಸನಸಭೆಯ ಮೂರನೇ ಎರಡು ಪಾಲು ಸದಸ್ಯರು ಒಪ್ಪಿದರೆ ದಲೈ ಲಾಮಾ ಅವರ ಅಧಿಕಾರವನ್ನೇ ತೆಗೆಯಬಹುದು ಎಂಬ ವಿಧಿಯಿತ್ತು. ಜನ ಕಿವಿ ಮುಚ್ಚಿಕೊಂಡರು, ಅಂಥ ಮಾತು ಬರೆಯುವುದೇ ಪಾಪ ಎಂದರು. ಆ ವಿಧಿ ಇರಲೇಬೇಕೆಂದು ಪಟ್ಟು ಹಿಡಿದವರು ಸ್ವತಃ ದಲೈ ಲಾಮಾ. 2011ರಲ್ಲಿ ಅವರು ಉಳಿದ ರಾಜಕೀಯ ಅಧಿಕಾರವನ್ನೂ ಚುನಾಯಿತ ನಾಯಕರಿಗೆ ಬಿಟ್ಟುಕೊಟ್ಟರು.

ಈಗ ಆ ಸಂಸತ್ತಿನಲ್ಲಿ 45 ಸ್ಥಾನ. ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ ಧರ್ಮಶಾಲಾದಲ್ಲಿ ಅಧಿವೇಶನ. ಸ್ಥಾನಗಳ ಹಂಚಿಕೆಯಲ್ಲಿ ಅಡಗಿರುವ ಅಚ್ಚರಿಯನ್ನು ನಿಧಾನವಾಗಿ ಹೇಳಬೇಕು. ಒಡೆಯರಪಾಳ್ಯಕ್ಕೆ ಒಂದು ಸ್ಥಾನ, ಬೈಲುಕುಪ್ಪೆಗೆ ಎರಡು ಎಂಬಂಥ ಲೆಕ್ಕ ಅಲ್ಲಿಲ್ಲ. ಉ-ತ್ಸಾಂಗ್, ಖಾಮ್, ಆಮ್ದೋ ಎಂಬ ಟಿಬೆಟಿನ ಮೂರು ಪ್ರಾಂತ್ಯಗಳಿಗೆ ತಲಾ 10 ಸ್ಥಾನ. ನಾಲ್ಕು ಬೌದ್ಧ ಪಂಥಗಳಿಗೂ ಅದಕ್ಕಿಂತ ಹಳೆಯ ಬೋನ್ ಧರ್ಮಕ್ಕೂ ತಲಾ 2. ಉಳಿದ 5 ಸ್ಥಾನ ಭಾರತ ಉಪಖಂಡದಾಚೆ ನೆಲೆಸಿದವರಿಗೆ. ಅಂದರೆ ಏನಾಯಿತು ನೋಡಿ! ಲೊಕ್ಕನಹಳ್ಳಿ ಹೋಬಳಿಯಲ್ಲಿ ಹುಟ್ಟಿ, ಲಿಥಾಂಗನ್ನು ಕನಸಿನಲ್ಲೂ ಕಾಣದ ಒಬ್ಬ ಹೆಣ್ಣುಮಗಳು, ತನ್ನ ತಾತ ಖಾಮ್‌ನವನಾಗಿದ್ದರೆ, ಖಾಮ್‌ನ ಪ್ರತಿನಿಧಿಗಳನ್ನು ಆರಿಸುತ್ತಾಳೆ. ಅವಳ ಮತಕ್ಷೇತ್ರ ಸಾವಿರಾರು ಮೈಲಿ ಆಚೆ, ಅವಳನ್ನು ಒಳಗೆ ಬಿಡದ ಗಡಿಯ ಹಿಂದಿದೆ.

ಮತದಾನದ ದಿನ ಸಾಲಿನಲ್ಲಿ ನಿಂತವರ ಕೈಯಲ್ಲಿ ಒಂದು ಹಸಿರು ಪುಸ್ತಕ. ವರ್ಷ ವರ್ಷ ತಮ್ಮ ಸರ್ಕಾರಕ್ಕೆ ಕೊಟ್ಟ ಕಾಣಿಕೆಯ ಲೆಕ್ಕ ಅದರಲ್ಲಿದೆ. ಯಾರೂ ಜುಲುಮೆ ಮಾಡಿ ವಸೂಲಿ ಮಾಡುವಂತಿಲ್ಲ, ಆದರೂ ಕೊಡುತ್ತಾರೆ. ಮತದಾನ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅಭ್ಯರ್ಥಿಗಳ ಪಟ್ಟಿಯಿಂದ ಆರಿಸಬೇಕೆಂಬ ಕಟ್ಟೇ ಇಲ್ಲ! ನಿಮ್ಮ ಪ್ರಾಂತ್ಯದ ಯಾರ ಹೆಸರನ್ನಾದರೂ ನೀವೇ ಬರೆಯಬಹುದು, 10 ಹೆಸರುಗಳವರೆಗೆ. ಹೆಚ್ಚು ಹೆಸರು ಬಂದವರು ಮುಂದಿನ ಸುತ್ತಿಗೆ. ಪ್ರತಿ ಪ್ರಾಂತ್ಯದಿಂದ ಕನಿಷ್ಠ ಇಬ್ಬರು ಮಹಿಳೆಯರು ಇರಲೇಬೇಕು. ನಮ್ಮ ಪಂಚಾಯಿತಿ ಚುನಾವಣೆಗಳ ಸದ್ದು, ಖರ್ಚು ಕಂಡ ನನಗೆ ಖಾಲಿ ಕಾಗದದ ಮೇಲೆ ರೈತನೊಬ್ಬ ತನಗೆ ಯೋಗ್ಯರೆನಿಸಿದ ಹತ್ತು ಹೆಸರುಗಳನ್ನು ಯೋಚಿಸಿ ಬರೆಯುವ ದೃಶ್ಯವೇ ಪ್ರಜಾಪ್ರಭುತ್ವದ ಅತಿ ಎತ್ತರದ ಜಾಗವಾಗಿ ಕಾಣಿಸಿತು.

ಯಾರು ಗೆದ್ದು ಬಂದರು? ಬೈಲುಕುಪ್ಪೆಯ ವಸತಿಯಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಓದಿದ ಪೆಂಪಾ ತ್ಸೆರಿಂಗ್ 1996ರಲ್ಲಿ ಆ ಸಂಸತ್ತಿಗೆ ಆಯ್ಕೆಯಾದರು, ಮುಂದೆ ಅದರ ಸ್ಪೀಕರ್ ಆದರು. 2021ರಲ್ಲಿ ಜಗತ್ತಿನಾದ್ಯಂತ ಚದುರಿದ ಟಿಬೆಟನ್ನರ ಮತದಿಂದ ಸಿಕ್ಯೋಂಗ್, ಅಂದರೆ ಅವರ ಸರ್ಕಾರದ ಮುಖ್ಯಸ್ಥರಾದರು. ಮೈಸೂರು ಜಿಲ್ಲೆಯಲ್ಲಿ ಹುಟ್ಟಿದವರು! ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದ ಲೋಬ್‌ಸಾಂಗ್ ಸಂಗೇ ಅವರ ತಂದೆ ಲಿಥಾಂಗಿನ ಮಠದಲ್ಲಿದ್ದು ಆಮೇಲೆ ಪ್ರತಿರೋಧದ ಹೋರಾಟಕ್ಕೆ ಧುಮುಕಿದವರು. ಬಾಂಬು ಬಿದ್ದ ಮಠದಿಂದ ಸ್ವಯಂಸೇವಕ ಸೇನೆಗೆ, ಅಲ್ಲಿಂದ ಡಾರ್ಜಿಲಿಂಗ್ ಬಳಿಯ ಒಂದಿಷ್ಟು ನೆಲ ಮತ್ತು ಹಸುಗಳಿಗೆ, ಅಲ್ಲಿಂದ ಮಗನ ಮೂಲಕ ಚುನಾಯಿತ ಸರ್ಕಾರದ ತುದಿಗೆ. ನಾನು ಒಬ್ಬ ಮನುಷ್ಯನಲ್ಲಿ ಹುಡುಕುತ್ತಿದ್ದುದು ಈ ಮನೆಗಳಲ್ಲಿ ತಾತ, ಅಪ್ಪ, ಮಕ್ಕಳ ನಡುವೆ ಹರಡಿಕೊಂಡಿದೆ. ಕೋವಿ ಹಿಡಿದವನ ಮಗ ಹೊಲ ಉಳುತ್ತಾನೆ, ಅವನ ಮಗಳು ಮತ ಕೇಳಲು ಹೊರಡುತ್ತಾಳೆ.

ಇಷ್ಟರ ಮೇಲೆ ಇನ್ನೊಂದು ತಿರುವು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ನಮ್ಮ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ದೆಹಲಿ ಹೈಕೋರ್ಟ್, ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿದ ಮೇಲೆ, 2014ರಲ್ಲಿ ಅವರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ಚುನಾವಣಾ ಆಯೋಗ ಸೂಚಿಸಿತು. ಹಾಗಾಗಿ ಒಡೆಯರಪಾಳ್ಯದಲ್ಲಿ ಆ ವಯಸ್ಸಿನವರೊಬ್ಬರು ಬಯಸಿದರೆ ಹನೂರು ಕ್ಷೇತ್ರದ ಶಾಸಕರ ಆಯ್ಕೆಯಲ್ಲೂ ಪಾಲ್ಗೊಳ್ಳಬಹುದು. ಬಹಳ ಜನ ಬಯಸುವುದಿಲ್ಲ. ನಾಡಿಗೆ ಹಿಂದಿರುಗುವ ಆಸೆಯನ್ನು ಒಂದು ಗುರುತಿನ ಚೀಟಿಗೆ ಬಿಟ್ಟುಕೊಡಲು ಅವರಿಗೆ ಮನಸ್ಸಾಗುವುದಿಲ್ಲ. ಆ ಹಿಂಜರಿಕೆಯನ್ನು ನಾನು ಪೂರ್ತಿಯಾಗಿ ಗೌರವಿಸುತ್ತೇನೆ. ಅವರು ಐವತ್ತು ವರ್ಷ ಉತ್ತ ನೆಲ ಇವತ್ತಿಗೂ ಗುತ್ತಿಗೆಯದೇ, ಪಹಣಿಯಲ್ಲಿ ಅವರ ಹೆಸರಿಲ್ಲ. ವಸತಿಗಳಿಗೆ ಸಂಸತ್ತಿನ ಸದಸ್ಯರು ಭೇಟಿ ಕೊಟ್ಟಾಗ ಜನ ಕೇಳುವುದು ಚೀನಾದ ಜೊತೆ ಮಾತುಕತೆ ಏನಾಯಿತು ಎಂದಷ್ಟೇ ಅಲ್ಲ, ಗುತ್ತಿಗೆ ಕಾಗದದ ವಿಚಾರವನ್ನೂ ಕೇಳುತ್ತಾರೆ.

1971ರಲ್ಲಿ 20 ವರ್ಷದವನಾಗಿದ್ದ ‘ಟೂ ಟೂ’ ಯೋಧನಿಗೆ ಈಗ ಎಪ್ಪತ್ತು ದಾಟಿದೆ. ದಲೈ ಲಾಮಾ ಅವರ ದಾರಿಗೆ ಕಾವಲು ನಿಂತವರಲ್ಲಿ ಉಳಿದವರು ತೀರಾ ವಿರಳ. ಕೊಳ್ಳೇಗಾಲದ, ಹನೂರಿನ, ಯಳಂದೂರಿನ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರೇ, ಈ ಬೆಟ್ಟದಂಥ ಕತೆ ನಿಮ್ಮ ಮನೆ ಹಿತ್ತಲಲ್ಲೇ ಇದೆ. ನೀವು ಟಿಬೆಟನ್ ಕಲಿಯಬೇಕಿಲ್ಲ, ಅಲ್ಲಿ ಹುಟ್ಟಿ ಬೆಳೆದವರು ನಿಮ್ಮದೇ ಸೀಮೆಯ ಕನ್ನಡ ಆಡುತ್ತಾರೆ, ಅಜ್ಜಂದಿರ ಮಾತನ್ನು ಅವರೇ ನಿಮಗೆ ತಿಳಿಸಿ ಹೇಳುತ್ತಾರೆ. ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಳ್ಳಲು ಬಂದರೆ ಸಾಕು. ವ್ರತ ಹಿಂದಿರುಗಿಸಿದ ದಿನದ ಬಗ್ಗೆ ಕೇಳಿ, ದೋಣಿಯಲ್ಲಿ ಗಡಿ ದಾಟಿದ ರಾತ್ರಿಯ ಬಗ್ಗೆ ಕೇಳಿ, ಮೊದಲ ಸಲ ಜೋಳ ಬಿತ್ತಿದಾಗ ಎಷ್ಟು ಸಾಲು ಬಿಟ್ಟಿದ್ದಿರಿ ಎಂದೂ ಕೇಳಿ. ಕೊಳ್ಳೇಗಾಲದಿಂದ ಬಸ್ಸಿದೆ.